ನಾಲ್ಕು ಟೈಮ್ ಬಿನ್‌ಗಳ ಕ್ವಾಂಟಂ ಕೀಲಿ: ಕಾಲೇಜು ಲ್ಯಾಬಿನಲ್ಲಿ ಜೋಡಿಸುವ ಬಗೆ

ಹೆಣೆದುಕೊಂಡ ಫೋಟಾನ್ (ಬೆಳಕಿನ ಕಣ) ಜೋಡಿಯನ್ನು ಎರಡು ಕಡೆಗೆ ಒಂದೊಂದಾಗಿ ಕಳಿಸಿ, ಅವು ಬಂದ ಕಾಲದ ತುಣುಕನ್ನೇ (ಟೈಮ್ ಬಿನ್) ಇಬ್ಬರಿಗೂ ಒಂದೇ ಗುಟ್ಟಿನ ಕೀಲಿಯಾಗಿಸುವುದು ಇಲ್ಲಿನ ಕೆಲಸ. ಮೊದಲು ದೂರದ ಲೆಕ್ಕ. ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ಫೈಬರ್ ಎಂದಿಟ್ಟುಕೊಳ್ಳಿ. 1550 ನ್ಯಾನೊಮೀಟರ್ ಬೆಳಕಿಗೆ ಕಿ.ಮೀ.ಗೆ 0.2 ಡಿಬಿ (ಡೆಸಿಬೆಲ್; 10 ಡಿಬಿ ಎಂದರೆ ಉಳಿಯುವುದು ಹತ್ತನೇ ಒಂದು ಪಾಲು) ನಷ್ಟ, ಒಟ್ಟು 14 ಡಿಬಿ. ನೂರರಲ್ಲಿ ನಾಲ್ಕು ಫೋಟಾನ್ ಮುಟ್ಟುತ್ತವೆ. 810ಕ್ಕೆ ಕಿ.ಮೀ.ಗೆ 3 ಡಿಬಿ, ಒಟ್ಟು 210, ಒಂದೂ ಮುಟ್ಟದು. ಆದರೆ ಕ್ಯಾಂಪಸ್ಸಿನ ಎರಡು ಕಟ್ಟಡಗಳ ನಡುವೆ 810 ಸಾಕು, ಸಿಲಿಕಾನ್ ಡಿಟೆಕ್ಟರ್ ನಡೆಯುತ್ತದೆ. 1550ಕ್ಕೆ ಸಿಲಿಕಾನ್ ಕುರುಡು.

405 ನ್ಯಾನೊಮೀಟರ್ ಲೇಸರನ್ನು ಓವನ್ನಿನಲ್ಲಿಟ್ಟ ಟೈಪ್-2 ಪಿಪಿಕೆಟಿಪಿ ಹರಳಿಗೆ ಹಾಯಿಸಿ. ಈ ಹರಳು ಒಂದು 405ರ ಫೋಟಾನನ್ನು ಕಂಪನದ ದಿಕ್ಕು ಬೇರೆಬೇರೆಯಾದ ಎರಡು 810ರ ಫೋಟಾನ್ ಮಾಡುತ್ತದೆ. ಹುಟ್ಟುವ ಜೋಡಿಯನ್ನು ಆ ದಿಕ್ಕು ನೋಡಿ ಪೋಲರೈಸಿಂಗ್ ಬೀಮ್‌ಸ್ಪ್ಲಿಟರ್ ಬೇರೆ ಮಾಡುತ್ತದೆ. ಲೇಸರ್ ಸಿಂಗಲ್ ಫ್ರೀಕ್ವೆನ್ಸಿಯದೇ ಇರಲಿ. ಅಗ್ಗದ ಡಯೋಡಿನಲ್ಲೂ ಜೋಡಿ ಹುಟ್ಟುತ್ತದೆ, ಹೆಣಿಗೆ (ಎಂಟ್ಯಾಂಗಲ್‌ಮೆಂಟ್) ಮಾತ್ರ ಕಾಣುವುದಿಲ್ಲ. ಪಂಪ್ (ಈ ಲೇಸರಿನ ಶಕ್ತಿ) ಹೆಚ್ಚಿಸುವ ಆಸೆ ಬೇಡ: ನಿಜ ಜೋಡಿ ಎರಡು ಪಟ್ಟಾದರೆ ಆಕಸ್ಮಿಕ ಜೋಡಿ ನಾಲ್ಕು ಪಟ್ಟು. ಎರಡೂ ಕಡೆ ಸೆಕೆಂಡಿಗೆ ಲಕ್ಷ ಎಣಿಕೆ, 1 ನ್ಯಾನೊಸೆಕೆಂಡ್ ಕಿಟಕಿ ಎಂದರೆ ಸೆಕೆಂಡಿಗೆ 10 ಸುಳ್ಳು ಜೋಡಿ.

8 ನ್ಯಾನೊಸೆಕೆಂಡನ್ನು ತಲಾ 2ರ ನಾಲ್ಕು ಬಿನ್ ಮಾಡಿ. ಫೋಟಾನ್ ಬಂದ ಬಿನ್ನೇ ಎರಡು ಬಿಟ್. ಡಿಟೆಕ್ಟರಿನ ಜಿಟರ್ (ಸಮಯ ಹೇಳುವುದರಲ್ಲಿನ ಅಲುಗಾಟ) ತಲಾ 350 ಪಿಕೊಸೆಕೆಂಡ್ ಇದ್ದರೆ ಜೋಡಿಗೆ ಸುಮಾರು 500. ಹಾಗಾಗಿ ಬಿನ್ ಕಿರಿದು ಮಾಡಿ ಹದಿನಾರಕ್ಕೆ ಹಾರಬೇಡಿ, ಅಂಚಿನ ಫೋಟಾನ್‌ಗಳು ಪಕ್ಕದ ಬಿನ್ನಿಗೆ ಜಾರುತ್ತವೆ. ಜಾರಿದರೂ ಒಂದೇ ಬಿಟ್ ಕೆಡಲೆಂದು 00, 01, 11, 10 ಎಂದು ಹೆಸರಿಡಿ. ಫೋಟಾನ್ ಬಂದ ಸಮಯ ಬರೆದಿಡುವ ಎರಡೂ ಟೈಮ್ ಟ್ಯಾಗರ್‌ಗೆ ಒಂದೇ 10 ಮೆಗಾಹರ್ಟ್ಸ್ ಗಡಿಯಾರ ಕೊಡಿ. ಕಂಪ್ಯೂಟರ್ ಸಮಯ ಇಲ್ಲಿ ಲೆಕ್ಕಕ್ಕಿಲ್ಲ.

ಕಷ್ಟವಿರುವುದು ಕದ್ದಾಲಿಕೆ ಪರೀಕ್ಷೆಯಲ್ಲಿ. ಪ್ರತಿ ಕಡೆ ಒಂದರ ಹಿಂದೊಂದು ಎರಡು ಇಂಟರ್‌ಫೆರೊಮೀಟರ್ (ಬೆಳಕನ್ನು ಗಿಡ್ಡ, ಉದ್ದ ಎರಡು ತೋಳಲ್ಲಿ ಹಾಯಿಸಿ ಮತ್ತೆ ಕೂಡಿಸುವ ಸಾಧನ), ಉದ್ದದ ತೋಳು ಒಂದರಲ್ಲಿ 60 ಸೆಂ.ಮೀ. ಮತ್ತು ಇನ್ನೊಂದರಲ್ಲಿ 1.2 ಮೀಟರ್ ಹೆಚ್ಚು, ಅಂದರೆ ಒಂದು ಬಿನ್ ಮತ್ತು ಎರಡು ಬಿನ್ ತಡ. ಕಾಲದ ವ್ಯತ್ಯಾಸದ ಗ್ರಾಫಿನಲ್ಲಿ ಏಳು ಶಿಖರ ಬರುತ್ತವೆ. ನಡುವಿನದನ್ನೇ ಇಟ್ಟುಕೊಳ್ಳಿ, ನಾಲ್ಕೂ ದಾರಿ ಕೂಡುವುದು ಅಲ್ಲಿ ಮಾತ್ರ. ಫೇಸ್ (ತರಂಗದ ಹಂತ) ತಿರುಗಿಸಿದಾಗ ಜೋಡಿ ಎಣಿಕೆ ಏರಿಳಿಯಬೇಕು, ಕದ್ದು ಅಳೆದಿದ್ದರೆ ಈ ಏರಿಳಿತ ಮಸುಕಾಗುತ್ತದೆ. ಒಂಟಿ ಡಿಟೆಕ್ಟರಿನ ಎಣಿಕೆ ಅಲುಗಬಾರದು. ಅದೂ ಅಲುಗಿದರೆ ಜೋಡಣೆಯಲ್ಲಿ ಏನೋ ತಪ್ಪಿದೆ.

60 ಸೆಂ.ಮೀ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 14 ಮೈಕ್ರೊಮೀಟರ್ ಹಿಗ್ಗುತ್ತದೆ, ಅಂದರೆ 17 ತರಂಗದೂರ. ನಮ್ಮ ಸೀಮೆಯಲ್ಲಿ ಗ್ರಾನೈಟ್ ಚಪ್ಪಡಿಗೇನು ಬರವಿಲ್ಲ, ಅದರ ಹಿಗ್ಗು ಮೂರನೇ ಒಂದು ಪಾಲು. ಅದೂ ಸಾಲದು, ರೆಫರೆನ್ಸ್ ಲೇಸರ್ ನೋಡಿ ಪೀಜೊ ಕನ್ನಡಿ (ವೋಲ್ಟೇಜ್ ಕೊಟ್ಟರೆ ತೀರಾ ಸಣ್ಣಗೆ ಸರಿಯುವ ಕನ್ನಡಿ) ಸರಿಪಡಿಸುತ್ತಲೇ ಇರಬೇಕು. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಫೇಸ್ ಮೊದಲು ಓಡುತ್ತದೆ. ಓವನ್, ಪೀಜೊ ಎರಡೂ ಯುಪಿಎಸ್ ಮೇಲಿರಲಿ.

ಒಂದಷ್ಟು ಎಣಿಕೆಯನ್ನು ಬಹಿರಂಗವಾಗಿ ಹೋಲಿಸಿ. ಎರಡು ಆಯಾಮದಲ್ಲಿ (ಎರಡೇ ಬಿನ್ ಇದ್ದರೆ) ದೋಷದ ಮಿತಿ ಶೇ 11; ನಾಲ್ಕರಲ್ಲಿ, ಎರಡು ಬೇಸಿಸ್ (ಅಳೆಯುವ ಬಗೆ: ಬಿನ್ ಒಂದು, ಫೇಸ್ ಇನ್ನೊಂದು) ಬಳಸಿದರೆ, ಶೇ 18.9. ಮಿತಿ ದಾಟಿದ ಕೀಲಿಯನ್ನು ಎಸೆಯಿರಿ. ದಾಟದಿದ್ದರೆ ಎಲ್‌ಡಿಪಿಸಿ ಎಂಬ ದೋಷ ತಿದ್ದುವ ಕೋಡಿನಿಂದ ತಿದ್ದಿ, ಕದ್ದವರಿಗೆ ತಿಳಿದಿರಬಹುದಾದದ್ದು ಉಪಯೋಗಕ್ಕೆ ಬಾರದಂತೆ ಹ್ಯಾಶ್ ಮಾಡಿ ಕುಗ್ಗಿಸಿ.