ಸಣ್ಣ ಕಾರ್ಖಾನೆಗಳು ವಿಶ್ವವಿದ್ಯಾಲಯದ ವಸ್ತು ವಿಜ್ಞಾನ ವಿಭಾಗದೊಡನೆ ಕೈಜೋಡಿಸುವ ಬಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗ ಆರಂಭವಾದದ್ದು 1945ರಲ್ಲಿ. ಉದ್ಯಮಗಳಿಗೆ ಸಲಹೆ ನೀಡಲೆಂದೇ ಅಲ್ಲಿ ಒಂದು ಕೇಂದ್ರ ತೆರೆದದ್ದು 1975ರಲ್ಲಿ. ಆದರೂ ಹತ್ತಿರದ ಪೀಣ್ಯದಲ್ಲಿ ಬೋಲ್ಟು, ಗೇರು, ಶಾಫ್ಟುಗಳನ್ನು ತಯಾರಿಸುವ ಅನೇಕ ಮಾಲೀಕರಿಗೆ, ಅಂಥ ಸಂಸ್ಥೆ ದೊಡ್ಡ ಕಂಪನಿಗಳಿಗಷ್ಟೇ ಮೀಸಲು ಎಂಬ ಭಾವನೆಯಿದೆ. ಈ ಹಿಂಜರಿಕೆಗೆ ಕಾರಣವಿಲ್ಲ. ಆದರೆ ಸಿದ್ಧತೆಯಿಲ್ಲದೆ ಹೋದರೆ ಎರಡೂ ಕಡೆಯವರ ಸಮಯ ಹಾಳಾಗುತ್ತದೆ.

ಮೊದಲು ನಿಮಗೆ ಬೇಕಾದದ್ದು ಪ್ರಮಾಣಪತ್ರವೋ ಕಾರಣವೋ ಎಂಬುದನ್ನು ನಿರ್ಧರಿಸಿ. ಗ್ರಾಹಕರಿಗೆ ತೋರಿಸಲು ಗಡಸುತನದ ಅಥವಾ ರಾಸಾಯನಿಕ ಸಂಯೋಜನೆಯ ವರದಿಯಷ್ಟೇ ಸಾಕೆಂದರೆ ಎನ್‌ಎಬಿಎಲ್ (ಪರೀಕ್ಷಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಖಾಸಗಿ ಪರೀಕ್ಷಾಲಯವೇ ಸರಿಯಾದ ಜಾಗ. ಅಲ್ಲಿ ಕೆಲಸ ಬೇಗ ಮುಗಿಯುತ್ತದೆ. ಉಪಕರಣ ಮಾತ್ರ ಬೇಕಿದ್ದರೆ, 2020ರಲ್ಲಿ ಆರಂಭವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಸಂಶೋಧನಾ ಸಂಸ್ಥೆಗಳ ಉಪಕರಣಗಳನ್ನು ಹುಡುಕಿ ಸಮಯ ಕಾಯ್ದಿರಿಸಬಹುದು. ಎಲ್ಲ ವರದಿಗಳೂ ಸರಿಯಿದ್ದು, ಮಾಲು ಮಾತ್ರ ಮತ್ತೆ ಮತ್ತೆ ಮುರಿಯುತ್ತಿದ್ದರೆ ಆಗ ಪ್ರಾಧ್ಯಾಪಕರ ಬಳಿ ಹೋಗಬೇಕು.

ಒಂದು ಉದಾಹರಣೆ ನೋಡೋಣ. ಸತು ಲೇಪಿಸಿದ ಹೆಚ್ಚು ಬಲದ ಬೋಲ್ಟುಗಳು ಬಿಗಿದ ಕೂಡಲೇ ಮುರಿಯದೆ, ಕೆಲವು ಗಂಟೆ ಅಥವಾ ದಿನಗಳ ನಂತರ ತಲೆಯ ಬುಡದಲ್ಲಿ ತುಂಡಾಗುತ್ತವೆ. ಆಮ್ಲದಲ್ಲಿ ತೊಳೆಯುವಾಗಲೂ ಪ್ಲೇಟಿಂಗ್ ಮಾಡುವಾಗಲೂ ಉಕ್ಕಿನೊಳಗೆ ಸೇರಿದ ಹೈಡ್ರೋಜನ್ ಇದಕ್ಕೆ ಕಾರಣವಾಗಿರಬಹುದು. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿ ಆ ಹೈಡ್ರೋಜನ್ನನ್ನು ಹೊರಹಾಕುವುದು, ಅಂದರೆ ಬೇಕಿಂಗ್ ಮಾಡುವುದು, ಇದಕ್ಕೆ ರೂಢಿಯ ಪರಿಹಾರ. ಆದರೆ ಕಾರಣ ಅದೇ ಹೌದೋ, ಹೀಟ್ ಟ್ರೀಟ್‌ಮೆಂಟಿನ (ಉಕ್ಕನ್ನು ಕಾಯಿಸಿ ತಣಿಸಿ ಗಡಸುಗೊಳಿಸುವ ಹಂತದ) ದೋಷವೋ ಎಂಬುದನ್ನು ಹೇಳಬೇಕಾದದ್ದು ಮುರಿದ ಮೇಲ್ಮೈ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿರುಕು ಉಕ್ಕಿನ ಕಣಗಳ ಅಂಚಿನಗುಂಟ ಸಾಗಿರುವುದು ಕಂಡರೆ ಹೈಡ್ರೋಜನ್ನಿನ ಮೇಲಿನ ಸಂಶಯ ಬಲವಾಗುತ್ತದೆ. ಆದ್ದರಿಂದ ಆ ಮೇಲ್ಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಬ್ರಷ್ ಹಾಕಿ ತಿಕ್ಕಬೇಡಿ, ಎರಡು ತುಂಡುಗಳನ್ನು ಜೋಡಿಸಿ ನೋಡಲೂಬೇಡಿ; ಒಣ ಡಬ್ಬಿಯಲ್ಲಿ ಬೇರೆ ಬೇರೆಯಾಗಿಟ್ಟು ಒಯ್ಯಿರಿ. ಜೊತೆಗೆ ಅದೇ ಲಾಟಿನ (ಒಟ್ಟಿಗೆ ತಯಾರಾದ ಗುಂಪಿನ) ಮುರಿಯದ ಬೋಲ್ಟು, ಹಿಂದಿನ ಒಳ್ಳೆಯ ಲಾಟಿನದೊಂದು, ಉಕ್ಕಿನ ಮಿಲ್ ಸರ್ಟಿಫಿಕೇಟ್ (ಉಕ್ಕು ತಯಾರಕರು ಕೊಡುವ ಗುಣಮಟ್ಟದ ಪತ್ರ), ಕುಲುಮೆಯ ತಾಪಮಾನದ ಚಾರ್ಟು ಮತ್ತು ಡ್ರಾಯಿಂಗ್ ಇರಲಿ. ಪ್ಲೇಟಿಂಗನ್ನು ಹೊರಗೆ ಮಾಡಿಸಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ. ತನಿಖೆಗಳು ದಾರಿ ತಪ್ಪುವುದು ಹೆಚ್ಚಾಗಿ ಇಂಥ ಮುಚ್ಚಿಟ್ಟ ವಿವರಗಳಿಂದಲೇ.

ಇಷ್ಟು ಕೆಲಸಕ್ಕೆ ಅಲ್ಪಾವಧಿಯ ಸಲಹಾ ಒಪ್ಪಂದ ಸಾಕು. ಹೊಸ ಮಿಶ್ರಲೋಹವನ್ನೋ ಹೊಸ ಲೇಪನವನ್ನೋ ರೂಪಿಸಬೇಕಿದ್ದರೆ ಮಾತ್ರ ಪ್ರಾಯೋಜಿತ ಸಂಶೋಧನೆಗೆ ಕೈಹಾಕಿ. ಅದರಲ್ಲಿ ಸಂಶೋಧನಾ ವಿದ್ಯಾರ್ಥಿ ಸೇರುತ್ತಾರೆ, ಕೆಲಸ ವರ್ಷಗಟ್ಟಲೆ ನಡೆಯುತ್ತದೆ, ಸಂಸ್ಥೆಯ ಮೇಲ್ವೆಚ್ಚವೂ ಜಿಎಸ್‌ಟಿಯೂ ಅಂದಾಜಿಗೆ ಸೇರಬೇಕಾಗುತ್ತದೆ.

ಮಾತು ಕೆಡುವುದು ಸಾಮಾನ್ಯವಾಗಿ ಪ್ರಕಟಣೆಯ ವಿಚಾರದಲ್ಲಿ. ಪೇಟೆಂಟ್ ಅರ್ಜಿಗೆ ಮೊದಲೇ ಪ್ರಬಂಧ ಹೊರಬಂದರೆ ಆವಿಷ್ಕಾರದ ಹೊಸತನಕ್ಕೇ ಧಕ್ಕೆಯಾಗಬಹುದು. ಹಾಗೆಂದು ಪ್ರಕಟಣೆಯನ್ನೇ ತಡೆದರೆ ವಿದ್ಯಾರ್ಥಿಯ ಪಿಎಚ್.ಡಿ. ನಿಂತುಹೋಗುತ್ತದೆ. ವಿದ್ಯಾರ್ಥಿಯ ಬದುಕನ್ನು ಒತ್ತೆಯಿಡುವ ಯಾವ ಷರತ್ತೂ ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕರಡನ್ನು ಕಾರ್ಖಾನೆಗೆ ಮೊದಲು ತೋರಿಸುವುದು, ನಿಗದಿತ ಅವಧಿಯೊಳಗೆ ಆಕ್ಷೇಪ ಬಾರದಿದ್ದರೆ ಪ್ರಕಟಿಸುವುದು ಎಂಬ ಏರ್ಪಾಡು ಇಬ್ಬರಿಗೂ ಒಗ್ಗುತ್ತದೆ. ಭಾರತದಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಲು ಅವಕಾಶವಿರುವುದರಿಂದ ಪ್ರಬಂಧವನ್ನು ಬಹುಕಾಲ ತಡೆಯಬೇಕಾಗಿಯೂ ಇಲ್ಲ. ಪೇಟೆಂಟಿನ ಒಡೆತನ, ಬಳಕೆಯ ಹಕ್ಕು ಯಾರದೆಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ.

ಒಪ್ಪಂದವಾದ ಮೇಲೆ ಕಾರ್ಖಾನೆಯ ಒಬ್ಬ ಎಂಜಿನಿಯರನ್ನು ಈ ಕೆಲಸಕ್ಕೆ ನೇಮಿಸಿ, ವಿದ್ಯಾರ್ಥಿಯನ್ನು ಕುಲುಮೆಯ ಬಳಿಗೆ ಕರೆಸಿಕೊಳ್ಳಿ. ಪ್ರಯೋಗಾಲಯದಲ್ಲಿ ಕೆಲವೇ ತುಂಡುಗಳು ಒಂದೇ ಸಮನಾಗಿ ಕಾಯುತ್ತವೆ. ನೂರಾರು ಕಿಲೋ ಮಾಲು ತುಂಬಿದ ಕಾರ್ಖಾನೆಯ ಕುಲುಮೆಯಲ್ಲಿ ನಡುವಿನದಕ್ಕೂ ಅಂಚಿನದಕ್ಕೂ ತಾಪಮಾನದಲ್ಲಿ ವ್ಯತ್ಯಾಸವಿರುತ್ತದೆ. ಆದ್ದರಿಂದ ಸೂಚಿಸಿದ ಪರಿಹಾರವನ್ನು ನಿಮ್ಮ ಕುಲುಮೆಯಲ್ಲೇ ಒಂದು ಪೂರ್ತಿ ಲಾಟಿನ ಮೇಲೆ ಪ್ರಯೋಗಿಸಿ, ಕುಲುಮೆಯ ಬೇರೆ ಬೇರೆ ಮೂಲೆಗಳಿಂದ ಮಾದರಿಗಳನ್ನು ತೆಗೆದು ಪರೀಕ್ಷಿಸುವ ಹಂತವನ್ನೂ ಒಪ್ಪಂದದಲ್ಲೇ ಸೇರಿಸಿ.