ಕ್ಯಾಮೆರಾ ‘ಎರರ್’ ಅಂದಾಗ ಸ್ಯಾಂಡ್ ಪೇಪರ್ ಹುಡುಕಬೇಡಿ

ಹೋದ ಮದುವೆ ಸೀಸನ್‌ನಲ್ಲಿ ಕಂಡದ್ದು. ಧಾರೆಗೆ ಇನ್ನು ಹತ್ತೇ ನಿಮಿಷ. ಫೋಟೊಗ್ರಾಫರ್ ಗೆಳೆಯ ಛತ್ರದ ಮೂಲೆಯಲ್ಲಿ ಕುಳಿತು ಲೆನ್ಸ್‌ನ ಹಿಂಭಾಗವನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜುತ್ತಿದ್ದ. ಪರದೆ ಮೇಲೆ ಎರರ್. ಹಾಗೆ ಉಜ್ಜಿದರೆ ಹೋಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಹೋಗಲಿಲ್ಲ. ಧಾರೆಯನ್ನು ನನ್ನ ಮೊಬೈಲ್‌ನಲ್ಲಿ ತೆಗೆದ.

ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಎರರ್ ನಂಬರ್ ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಕೆಲಸ ಎಲ್ಲಿ ನಿಂತಿತು ಅಂತ ಮಾತ್ರ ಹೇಳುತ್ತದೆ. ಉಳಿದದ್ದನ್ನು ನಾವೇ ಒಂದೊಂದಾಗಿ ಹೊರಗಿಟ್ಟು ಹುಡುಕಬೇಕು.

1. ನಂಬರ್ ಹಿಡಿದಿಡಿ. ಆಫ್ ಮಾಡುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳಿ. ಆಮೇಲೆ ಬ್ಯಾಟರಿ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

2. ನಂಬರ್ ಓದಿ. ಕ್ಯಾನನ್‌ನಲ್ಲಿ 01 ಅಂದರೆ ಲೆನ್ಸ್ ಜೊತೆ ಮಾತು ಕಡಿದಿದೆ. 02 ಕಾರ್ಡ್. 04 ಅಂದರೆ ಫೋಟೊ ಸೇವ್ ಆಗುತ್ತಿಲ್ಲ, ಸಾಮಾನ್ಯವಾಗಿ ಕಾರ್ಡ್ ತುಂಬಿರುತ್ತದೆ. 30 ಶಟರ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ. ಹಳೆಯ ಮಾಡೆಲ್‌ಗಳ 99 ಇದೆಯಲ್ಲ, ಅದು ‘ಏನೋ ಆಗಿದೆ’ ಅಂದ ಹಾಗೆ, ಅಷ್ಟೇ. ನಿಕಾನ್‌ನಲ್ಲಿ ಅಕ್ಷರಗಳು ಬರುತ್ತವೆ. ‘ಸಿಎಚ್‌ಎ’ ಅಂದರೆ ಕಾರ್ಡ್. ‘ಎಫ್’ ಮುಂದೆ ಎರಡು ಗೆರೆ ಬಂದರೆ ಲೆನ್ಸ್ ಕ್ಯಾಮೆರಾಗೆ ಕಾಣುತ್ತಿಲ್ಲ. ‘ಎಫ್‌ಇಇ’ ಬಂದರೆ ಹೆದರಬೇಡಿ, ಹಳೆಯ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ರಿಂಗನ್ನು ಎಲ್ಲಕ್ಕಿಂತ ದೊಡ್ಡ ಅಂಕಿಗೆ ತಿರುಗಿಸಿ.

3. ಕಾರ್ಡ್ ಆದರೆ ಬೇರೆ ಕಾರ್ಡ್ ಹಾಕಿ ನೋಡಿ. ಹಳೆಯದರ ಫೋಟೊಗಳನ್ನು ಕಾಪಿ ಮಾಡಿಕೊಂಡು, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ನಂಬಲಾಗದಷ್ಟು ಅಗ್ಗದ 128 ಜಿಬಿ ಕಾರ್ಡನ್ನು ಮಾತ್ರ ದಯವಿಟ್ಟು ಮದುವೆಗೆ ಒಯ್ಯಬೇಡಿ.

4. ಲೆನ್ಸ್. ಜನ ಜಾಸ್ತಿ ಕೆಡಿಸಿಕೊಳ್ಳುವುದು ಇಲ್ಲೇ. ಲೆನ್ಸ್ ಹಿಂದೆ ಸಾಲಾಗಿ ಹೊಳೆಯುವ ಸಣ್ಣ ಕಾಂಟ್ಯಾಕ್ಟ್‌ಗಳಿವೆ. ಅವುಗಳ ಮೇಲಿರುವುದು ತೆಳು ಚಿನ್ನದ ಲೇಪ. ಸ್ಯಾಂಡ್ ಪೇಪರ್ ಅದನ್ನೇ ಕೀಳುತ್ತದೆ. ರಬ್ಬರ್‌ನಿಂದ ಉಜ್ಜಿದರೆ ಪುಡಿ ಒಳಗೆ ಬೀಳುತ್ತದೆ. ಡಬ್ಲ್ಯುಡಿ-40 ಹೊಡೆದರೆ ಎಣ್ಣೆ ಉಳಿದು ಧೂಳು ಹಿಡಿಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಬೇಕಾಗಿರುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಕೇಳಿ. ಉಳಿದ ಊರುಗಳಲ್ಲಿ ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ.

ಬ್ಯಾಟರಿ ತೆಗೆದಿಡಿ. ಎಳೆ ಬಿಡದ ಬಟ್ಟೆಯ ತುದಿಗೆ ಆಲ್ಕೊಹಾಲ್ ತಾಗಿಸಿ. ತೊಟ್ಟಿಕ್ಕುವಷ್ಟು ಬೇಡ. ಲೆನ್ಸ್‌ನ ಕಾಂಟ್ಯಾಕ್ಟ್‌ಗಳನ್ನು ಸಾಲಿನ ಉದ್ದಕ್ಕೂ ಎರಡು ಸಲ ಒರೆಸಿ. ಆಮೇಲೆ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು, ಅದರ ಪಿನ್‌ಗಳನ್ನು ಒರೆಸಿ. ಇವು ಸ್ಪ್ರಿಂಗ್ ಮೇಲೆ ಕೂತಿರುತ್ತವೆ. ಮೆಲ್ಲಗೆ ಅದುಮಿದರೆ ಒಳಗೆ ಹೋಗಿ ವಾಪಸ್ ಬರಬೇಕು. ಒಂದು ಪಿನ್ ಒಳಗೇ ನಿಂತರೆ ಕಳ್ಳ ಸಿಕ್ಕಿದ. ಕ್ಯಾಮೆರಾ ಒಳಗಿನ ಕನ್ನಡಿಗೆ ಬೆರಳು ತಾಗಿಸಬೇಡಿ. ಒಣಗಿದ ಮೇಲೆ ಲೆನ್ಸನ್ನು ‘ಕ್ಲಿಕ್’ ಅನ್ನುವವರೆಗೆ ತಿರುಗಿಸಿ.

ಇಷ್ಟಾದರೂ ಎರರ್ ಬಂತಾ? ಬೇರೆ ಲೆನ್ಸ್ ಹಾಕಿ. ಅದರಲ್ಲೂ ಬಂದರೆ ತೊಂದರೆ ಕ್ಯಾಮೆರಾದ್ದು. ಮೊದಲಿನ ಲೆನ್ಸ್‌ನಲ್ಲಿ ಮಾತ್ರ ಬಂದರೆ ಇನ್ನೊಂದು ಪರೀಕ್ಷೆ ಇದೆ. 18-55 ಲೆನ್ಸನ್ನು 18ಕ್ಕೆ ಇಟ್ಟು, ಅಪರ್ಚರ್ 3.5ರಲ್ಲಿ ಹತ್ತು ಫೋಟೊ ತೆಗೆಯಿರಿ. ಆಮೇಲೆ 8ರಲ್ಲಿ ಹತ್ತು. 3.5ರಲ್ಲಿ ಅಪರ್ಚರ್ ಪೂರ್ತಿ ತೆರೆದೇ ಇರುವುದರಿಂದ ಅದರ ಎಲೆಗಳು ಅಲುಗಾಡುವುದಿಲ್ಲ. 8ರಲ್ಲಿ ಅಲುಗಾಡಬೇಕು. ಎರರ್ 8ರಲ್ಲಿ ಮಾತ್ರ ಬಂದರೆ, ಕ್ಯಾನನ್ ಲೆನ್ಸ್‌ನಲ್ಲಿ ಹೆಚ್ಚಾಗಿ ಒಳಗಿನ ಅಪರ್ಚರ್ ಕೇಬಲ್ ಬಿರುಕು ಬಿಟ್ಟಿರುತ್ತದೆ. ಜೂಮ್ ತಿರುಗಿಸಿದಾಗಲೆಲ್ಲ ಮಡಚುವ ತೆಳು ಪಟ್ಟಿ ಅದು. ಎಷ್ಟು ಒರೆಸಿದರೂ ಸರಿಹೋಗದು. ಗೆಳೆಯನದ್ದೂ ಅದೇ ಕಥೆ. ಕೇಬಲ್ ಬದಲಾಯಿಸಿದ ಮೇಲೆ ಲೆನ್ಸ್ ಸರಿಯಾಯಿತು. ಎರಡು ಕಾಂಟ್ಯಾಕ್ಟ್‌ಗಳ ಹೊಳಪು ಮಾತ್ರ ಹೋಗಿಯೇ ಹೋಯಿತು.

5. ಶಟರ್. ಇದು ಸವೆಯುವ ಸಾಮಾನು. ಕ್ಯಾನನ್ 5ಡಿ ಮಾರ್ಕ್ 3ರ ಶಟರನ್ನು 1.5 ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿದ್ದಾರೆ. ನಿಕಾನ್ ಡಿ850ರದ್ದು 2 ಲಕ್ಷ. ಮದುವೆಗೆ 2,000 ಕ್ಲಿಕ್ ಅಂದುಕೊಂಡರೂ ಐವತ್ತು ಮದುವೆಗೆ ಲಕ್ಷ ಆಯಿತು, ಅಲ್ವಾ? ಹಾಗಂತ ಆ ಅಂಕಿ ದಾಟಿದ ಮರುದಿನವೇ ಕೆಡುತ್ತದೆ ಅಂತಲ್ಲ.

ಬಿಸಿಲಿನಲ್ಲಿ ಬಿಳಿ ಗೋಡೆಯನ್ನು 1/200, 1/1000, 1/4000 ವೇಗದಲ್ಲಿ ತೆಗೆದು ನೋಡಿ. ಜಾಸ್ತಿ ವೇಗದಲ್ಲಿ ಒಂದು ಅಂಚು ಕಪ್ಪಾಗಿ ಬಂದರೆ ಶಟರ್ ಪರದೆ ಸೋಲುತ್ತಿದೆ. ಮನೆಯೊಳಗೆ ಎಲ್‌ಇಡಿ ಬೆಳಕಲ್ಲಿ ಈ ಪರೀಕ್ಷೆ ಮಾಡಬೇಡಿ, ಆ ಬೆಳಕೇ ಪಟ್ಟೆ ಮೂಡಿಸಿ ಸುಮ್ನೆ ಹೆದರಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ‘ಕೌಂಟ್ (ಇದುವರೆಗಿನ ಶಟರ್ ಕ್ಲಿಕ್‌ಗಳ ಎಣಿಕೆ) ಬರೀ 12,000’ ಅನ್ನುವ ಮಾತನ್ನು ಹಾಗೇ ನಂಬಬೇಡಿ. ನಿಕಾನ್‌ನ ಫೋಟೊ ಫೈಲ್‌ನಲ್ಲೇ ಎಣಿಕೆ ಇರುತ್ತದೆ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಇರುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ನೋಡಬೇಕು. ನಾನಂತೂ ಮೊದಲು ಫ್ಲಾಶ್ ಕೂರಿಸುವ ಜಾಗದ ಬಣ್ಣ, ಹಿಡಿಯ ರಬ್ಬರ್ ನೋಡುತ್ತೇನೆ. ಬಣ್ಣ ಪೂರ್ತಿ ಸವೆದು ಲೋಹ ಕಾಣುತ್ತಿದ್ದರೆ 12,000ದ ಮಾತು ಅಲ್ಲಿಗೇ ಮುಗಿಯಿತು. ನಿಕಾನ್ ಡಿ600 ಸಿಕ್ಕರೆ ಶಟರ್ ಬದಲಾಗಿದೆಯಾ ಕೇಳಿ. ಸೆನ್ಸರ್ ಮೇಲೆ ಚುಕ್ಕೆ ಬೀಳುವ ದೂರು ಜಾಸ್ತಿಯಾಗಿ, 2014ರಲ್ಲಿ ಕಂಪನಿಯೇ ಉಚಿತವಾಗಿ ಸರಿಮಾಡಿಕೊಡಲು ಒಪ್ಪಿತ್ತು.

ಎರರ್ 30 ಪದೇ ಪದೇ ಬಂದರೆ ಬಟನ್ ಒತ್ತುತ್ತಾ ಇರಬೇಡಿ. ಶಟರ್ ಪರದೆಯ ತುಂಡು ಕಳಚಿದ್ದರೆ ಅದು ಸೆನ್ಸರ್‌ಗೆ ಗೀರು ಹಾಕಬಹುದು. ಬ್ಯಾಟರಿ ತೆಗೆದು ರಿಪೇರಿಗೆ ಕೊಡಿ, ಬೆಲೆಯನ್ನು ಮೊದಲೇ ಕೇಳಿ. ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಬಾಡಿಯ ಅರ್ಧಕ್ಕಿಂತ ಜಾಸ್ತಿ ಹೇಳಿದರೆ ನಾನು ರಿಪೇರಿ ಮಾಡಿಸುವುದಿಲ್ಲ.