ದಾವಣಗೆರೆಯಲ್ಲಿ ಕೂತು ಟಿ-ರೆಗ್ ಎಣಿಸಿದ್ದು

2025ರಲ್ಲಿ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ ವೈದ್ಯಕೀಯ ನೊಬೆಲ್ ಬಂತಲ್ಲ, ಆಮೇಲೆ ನಮ್ಮ ವಿದ್ಯಾರ್ಥಿಗಳು ಟಿ-ರೆಗ್ ಬಗ್ಗೆ ಜಾಸ್ತಿ ಕೇಳುತ್ತಿದ್ದಾರೆ. 'ಮೇಡಂ, ನೀವು ಎಣಿಸಿದ್ದೀರಂತೆ, ಹೇಗೆ?' ಅಂತ. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಮಾಡಿದ್ದನ್ನೇ ಹೇಳುತ್ತೇನೆ.

ಟಿ ಜೀವಕೋಶ ಅಂದರೆ ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಟಿ-ರೆಗ್ ಅಂದರೆ ನಮ್ಮದೇ ದೇಹದ ಮೇಲೆ ಏರಿ ಹೋಗುವ ಟಿ ಜೀವಕೋಶಗಳನ್ನು ತಡೆಯುವ ಟಿ ಜೀವಕೋಶ. ಜಗಳ ಬಿಡಿಸುವ ಊರ ಹಿರಿಯರ ಹಾಗೆ. ಹೊರಮೈಯಲ್ಲಿ ಸಿಡಿ4 ಎಂಬ ಪ್ರೋಟೀನು ಇರುವ ಟಿ ಜೀವಕೋಶಗಳಲ್ಲಿ ಇವು ಸುಮಾರು 5ರಿಂದ 10 ಶೇಕಡಾ, ಅಷ್ಟೇ. ಇವನ್ನು ನಡೆಸುವ ಜೀನ್ ಫಾಕ್ಸ್‌ಪಿ3. ಅದು ಕೆಟ್ಟರೆ ಗಂಡು ಮಕ್ಕಳಿಗೆ ಎಳೆ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ, ಬಿಡದ ಭೇದಿ, ಚರ್ಮದ ತುರಿ ಬರುತ್ತವೆ.

ಎಣಿಸುವುದು ಅಂದರೆ ಗುರುತಿನ ಪ್ರೋಟೀನಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವುದು. ಹಾಗಾದರೆ ಆ ಜೀನ್ ಮಾಡಿಸುವ ಫಾಕ್ಸ್‌ಪಿ3 ಪ್ರೋಟೀನಿಗೇ ಬಣ್ಣ ಹಾಕಿದರೆ ಮುಗಿಯಿತಲ್ವಾ? ಇಲಿಯಲ್ಲಿ ಹೆಚ್ಚೂಕಡಿಮೆ ಮುಗಿಯಿತು. ಮನುಷ್ಯರಲ್ಲಿ ಸಾಮಾನ್ಯ ಟಿ ಜೀವಕೋಶವೂ ಎಚ್ಚೆತ್ತಾಗ ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸುತ್ತದೆ. ಮೇಲಾಗಿ ಅದು ಒಳಗಡೆ ಇರುವ ಪ್ರೋಟೀನು. ಅಲ್ಲಿಗೆ ಬಣ್ಣ ಹೋಗಬೇಕಾದರೆ ಜೀವಕೋಶವನ್ನು ಸಾಯಿಸಿ, ಪೊರೆಗೆ ತೂತು ಮಾಡಬೇಕು. ಹೊರಮೈಯಲ್ಲೇ ಇರುವ ಎರಡು ಪ್ರೋಟೀನುಗಳಲ್ಲಿ ಸಿಡಿ25 ಜಾಸ್ತಿ, ಸಿಡಿ127 ಕಡಿಮೆ ಇರುವ ಜೀವಕೋಶವನ್ನು ಹಿಡಿದರೆ ಸಾಕು ಅಂತ 2006ರಲ್ಲಿ ಗೊತ್ತಾಯಿತು. ನಾನು ನೆಚ್ಚಿಕೊಂಡದ್ದು ಇದನ್ನೇ. ಆಗಾಗ ಒಂದೆರಡು ಟ್ಯೂಬಿಗೆ ಮಾತ್ರ ಫಾಕ್ಸ್‌ಪಿ3 ಹಾಕಿ ತಾಳೆ ನೋಡುತ್ತಿದ್ದೆ.

ರಕ್ತವನ್ನು ಮೊದಲು ತೊಳೆಯುತ್ತಿದ್ದೆ. ರಕ್ತದ ನೀರಿನಂಥ ಭಾಗವಾದ ಪ್ಲಾಸ್ಮಾದಲ್ಲಿ ಕರಗಿರುವ ಸಿಡಿ25, ಬಣ್ಣ ಹೊತ್ತು ಬಂದು ಅಂಟಿಕೊಳ್ಳುವ ಆ್ಯಂಟಿಬಾಡಿಯನ್ನು ಸುಮ್ನೆ ತಿಂದು ಹಾಕುತ್ತದೆ. ಆಮೇಲೆ ಸಿಡಿ4, ಸಿಡಿ25, ಸಿಡಿ127ಕ್ಕೆ ಒಂದೊಂದರಂತೆ ಮೂರು ಆ್ಯಂಟಿಬಾಡಿ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಡುವುದು. ಸಿಡಿ25ರ ಬೆಳಕು ಮಂಕು. ಅದಕ್ಕೇ ಇದ್ದುದರಲ್ಲಿ ಹೆಚ್ಚು ಹೊಳೆಯುವ ಪಿಇ ಬಣ್ಣವನ್ನು ಅದಕ್ಕೆ ಕೊಟ್ಟೆ. ದಂಡಿಯಾಗಿರುವ ಸಿಡಿ4ಗೆ ಸಾದಾ ಬಣ್ಣ ನಡೆಯುತ್ತದೆ. ಕೊನೆಗೆ ಕೆಂಪು ರಕ್ತಕಣ ಒಡೆಯುವ ದ್ರಾವಣ. ಮಬ್ಬಾಗಿದ್ದ ಕೆಂಪು ನೋಡನೋಡುತ್ತಲೇ ತಿಳಿಯಾಗುತ್ತದೆ. ಟ್ಯೂಬಿನ ಹಿಂದೆ ಪೇಪರ್ ಹಿಡಿದು ಅಕ್ಷರ ಓದಲು ಬಂದ ಕೂಡಲೇ ಸೆಂಟ್ರಿಫ್ಯೂಜಿಗೆ ಹಾಕಬೇಕು. ಹಾಗೇ ಬಿಟ್ಟರೆ ಬಿಳಿ ಕಣಕ್ಕೂ ಪೆಟ್ಟು.

ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಬಣ್ಣದ ಹೊಳಪು ಅಳೆಯುವ ಯಂತ್ರ, ಫ್ಲೋ ಸೈಟೋಮೀಟರ್, ಇದ್ದದ್ದು ಬೆಂಗಳೂರಿನಲ್ಲಿ. ಸಂಜೆ ಇಲ್ಲೇ ಬಣ್ಣ ಹಾಕಿ, ಕೆಡದಂತೆ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಟ್ಯೂಬುಗಳಿಗೆ ಫಾಯಿಲ್ ಸುತ್ತಿ ಥರ್ಮಾಕೋಲ್ ಡಬ್ಬಿಗೆ ಹಾಕಿ, ಬೆಳಗಿನ ಜಾವದ ಬಸ್ ಹತ್ತುತ್ತಿದ್ದೆ. ಐಸ್ ಪ್ಯಾಕಿಗೂ ಟ್ಯೂಬಿಗೂ ನಡುವೆ ದಪ್ಪ ಹತ್ತಿ. ಹೆಪ್ಪುಗಟ್ಟಿದರೆ ಎಲ್ಲಾ ಹೋಯಿತು. ಕಂಡಕ್ಟರ್ ಡಬ್ಬಿ ಕೆಳಗಿನ ಡಿಕ್ಕಿಗೆ ಹಾಕಿ ಅಂದರೂ ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ.

ತಲೆ ತಿನ್ನುವುದು ಆ ಯಂತ್ರದ ಪರದೆಯ ಮುಂದೆ. ಅಲ್ಲಿ ಒಂದೊಂದು ಜೀವಕೋಶವೂ ಒಂದು ಚುಕ್ಕಿ. ಸಿಡಿ25 ಮನುಷ್ಯರಲ್ಲಿ ಎರಡು ಗುಂಪಾಗಿ ಒಡೆಯುವುದಿಲ್ಲ, ಎಡದಿಂದ ಬಲಕ್ಕೆ ಹರಡಿಕೊಂಡಿರುತ್ತದೆ. ಗೆರೆ ಎಲ್ಲಿ ಎಳೆಯೋದು? ಅದಕ್ಕೆ ಸಿಡಿ25 ಬಿಟ್ಟು ಉಳಿದ ಬಣ್ಣ ಎಲ್ಲಾ ಹಾಕಿದ ಒಂದು ಟ್ಯೂಬು ಬೇಕೇ ಬೇಕು. ಸಿಡಿ25ರ ಬಣ್ಣ ಇಲ್ಲದೆಯೂ ಎಷ್ಟು ಹೊಳಪು ಕಾಣುತ್ತದೆ ಅಂತ ಅದರಿಂದ ತಿಳಿಯುತ್ತದೆ. ದುಡ್ಡು ಉಳಿಸಲು ಅದನ್ನು ಬಿಡುವವರಿದ್ದಾರೆ. ಅಂಥವರ ಅಂಕಿಯನ್ನು ನಾನಂತೂ ನಂಬಲ್ಲ. ಸಿಡಿ127 ಮೇಲ್ಮುಖವಾಗಿ ಇಟ್ಟರೆ ಬಲಗಡೆ ಕೆಳಗೆ ಒಂದು ಸಣ್ಣ ಗುಂಪು ಬೇರೆಯಾಗಿ ಕಾಣುತ್ತದೆ. ಅದರ ಸುತ್ತ ಓರೆಯಾಗಿ ಗೆರೆ ಎಳೆದು, ಆ ದಿನದ ಎಲ್ಲಾ ಟ್ಯೂಬಿಗೂ ಅದೇ ಗೆರೆ ಇಡುತ್ತಿದ್ದೆ.

ರಕ್ತ ಕೊಟ್ಟ ಥೈರಾಯ್ಡ್ ಪೇಷಂಟ್ ಒಬ್ಬರು, 'ಮೇಡಂ, ನನಗೆ ಕಡಿಮೆ ಇದ್ದರೆ ಏರಿಸೋಕೆ ಕಷಾಯ ಏನಾದ್ರೂ ಇದೆಯಾ?' ಎಂದು ಕೇಳಿದರು. ಇಲ್ಲಮ್ಮ ಅಂದೆ. ತನ್ನ ದೇಹವನ್ನೇ ಹೊಡೆಯುವ ಎಷ್ಟೋ ಕಾಯಿಲೆಗಳಲ್ಲಿ ರಕ್ತದಲ್ಲಿನ ಈ ಸಂಖ್ಯೆ ಸರಿಯಾಗೇ ಇರುತ್ತದೆ, ಕೆಲಸ ಮಾತ್ರ ಕೆಟ್ಟಿರುತ್ತದೆ. ಅದಕ್ಕೇ ಅವರ ಕೈಗೆ ರಿಪೋರ್ಟ್ ಅಂತ ಏನೂ ಕೊಡಲಿಲ್ಲ. ಅವರ ಮಾತ್ರೆ ಅದೇ ಮುಂದುವರಿಯಿತು.